ಬಾಬ್ನೂದಾನ ಎಡಗಾಲು

“ಶಾಲು ಯಾವ ತುದಿ ಕೆಳಗಿತ್ತು ಇನ್ಸ್‌ಪೆಕ್ಟರೇ? ತಲೆ ಕಡೆಗೋ, ಕಾಲ ಕಡೆಗೋ?”

ಇನ್ಸ್‌ಪೆಕ್ಟರ್ ಶಾಬಾನ್ ಹಿಟ್ಟಿನ ಮೂಟೆಯ ಮೇಲೆ ಕೂತು ಮಹಜರು ಬರೆಸುತ್ತಿದ್ದ. ತಲೆ ಎತ್ತಲಿಲ್ಲ.

“ಶಾಲು ಶಾಲೇ ವಕೀಲಮ್ಮ. ಅದಕ್ಕೆ ತಲೆ ಯಾವುದು, ಕಾಲು ಯಾವುದು?”

“ಶಾಲಿಗಲ್ಲ ಸ್ವಾಮಿ, ಪೆಟ್ಟಿಗೆಗೆ.”

ಇಗರ್ಜಿಯಿಂದ ಕಾಣೆಯಾಗಿದ್ದ ಸಂತ ಬಾಬ್ನೂದಾನ ಅಸ್ಥಿಪೆಟ್ಟಿಗೆ ಹಿಂದಿನ ದಿನ ಇದೇ ಕೋಣೆಯಲ್ಲಿ, ಮೂಟೆಗಳ ಹಿಂದೆ, ಕೆಳಗೊಂದು ಶಾಲಿನ ಸಮೇತ ಸಿಕ್ಕಿತ್ತು, ಇಲ್ಲಿ ಪೂಜೆಯ ರೊಟ್ಟಿ ಸುಡುವ ನನ್ನ ತಮ್ಮ ವನೀಸನ ಕೈಗೆ ಕೋಳ ಬಿದ್ದಿತ್ತು. ಇದಕ್ಕಿಂತ ಹೆಚ್ಚು ವಿವರಿಸುವ ತಾಳ್ಮೆ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ವನೀಸ್ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ನೈಲ್ ದಡದ ನಮ್ಮ ಕ್ರೈಸ್ತರೆಲ್ಲ ಚಿಕ್ಕಂದಿನಲ್ಲೇ ಮಣಿಕಟ್ಟಿಗೆ ಹಾಕಿಸಿಕೊಳ್ಳುವ ಶಿಲುಬೆಯ ಹಚ್ಚೆ ಇದೆಯಲ್ಲ, ಕೋಳ ಸರಿಯಾಗಿ ಅದರ ಮೇಲೇ ಕೂತು ಚರ್ಮ ಕೆಂಪಗಾಗಿತ್ತು. ಕೆನ್ನೆಯ ಮೇಲೆ ಉಗುಳು ಒಣಗಿತ್ತು. ಜೀಪಿನಿಂದ ಇಳಿಸುವಾಗ ಊರ ಹೆಂಗಸೊಬ್ಬಳು ಉಗಿದಿದ್ದಳು. ಒರೆಸಿಕೊಳ್ಳುವ ಮನಸ್ಸೂ ಅವನಿಗಿದ್ದಂತಿರಲಿಲ್ಲ. ನಾನೇ ನನ್ನ ತಲೆವಸ್ತ್ರದ ತುದಿಯಿಂದ ಒರೆಸಿದೆ. ಉಗಿದವಳು ನಿನ್ನೆ ಮೊನ್ನೆಯವರೆಗೆ ಅವನು ಸುಟ್ಟ ರೊಟ್ಟಿಯ ಪ್ರಸಾದಕ್ಕೆ ಎರಡೂ ಕೈ ಚಾಚುತ್ತಿದ್ದವಳು.

ಮಧ್ಯಾಹ್ನ ಅವನನ್ನು ಸೊಹಾಗಿನ ಜೈಲಿಗೆ ಸಾಗಿಸಬೇಕೆಂದು ಆಗಲೇ ಆದೇಶವಾಗಿತ್ತು. ಸಂತನ ಮೂಳೆ ಕದ್ದವನು ಅನ್ನುವ ಹಣೆಪಟ್ಟಿ ಹೊತ್ತು ಒಳಗೆ ಹೋದರೆ ಅಲ್ಲಿರುವ ನಮ್ಮ ಜನವೇ ಅವನನ್ನು ಬದುಕಗೊಡುವುದಿಲ್ಲ. ಹೊರಗೆ ಅವನ ಹೆಂಡತಿ ಮಕ್ಕಳನ್ನು ಈ ನಜ್ ಅಲ್-ದೂಮ್ ಊರು ಬಾಳಗೊಡುವುದಿಲ್ಲ. ನನ್ನ ಕೈಯಲ್ಲಿದ್ದದ್ದು ಆ ಒಂದು ಬೆಳಿಗ್ಗೆ ಮಾತ್ರ.

“ಪೆಟ್ಟಿಗೆ ಬಟ್ಟೇಲಿ ಹೆಸರು ಕಸೂತಿ ಮಾಡಿದ ತುದಿ ನೆಲದ ಮೇಲಿತ್ತು,” ಅಂದ ಶಾಬಾನ್, ಕೊನೆಗೂ ತಲೆ ಎತ್ತಿ. “ಇನ್ನೊಂದು ತುದಿ ಶಾಲಿನ ಮೇಲೆ.”

“ಹೆಸರಿರೋದು ತಲೆ ಕಡೆ. ಅಂದ್ರೆ ಕಾಲಿನ ಕಡೆ ಎತ್ತರಿಸಿದ್ರು. ಶಾಲು ಮುದ್ದೆ ಮಾಡಿತ್ತಾ, ಮಡಿಸಿತ್ತಾ?”

“ಮಡಿಸಿತ್ತು. ಬಲು ನೀಟಾಗಿ. ನನ್ನ ಹೆಂಡ್ತಿ ಒಂದಿನಾನೂ ನನಗೆ ಹಾಗೆ ದಿಂಬು ಹಾಕಿಕೊಟ್ಟವಳಲ್ಲ.”

“ವನೀಸ್, ಆ ಶಾಲು ನಿಂದೇನೋ?”

“ಅಲ್ಲ ಅಕ್ಕಾ.” ಅವನು ನೆಲ ನೋಡುತ್ತಲೇ ಅಂದ. “ನೀನು ಸುಮ್ನೆ ನಿನ್ನ ಊರಿಗೆ ಹೋಗು. ಯಾಕೆ ಮೈ ಪರಚಿಕೊಳ್ತೀಯ?”

ಈ ಮಾತಿಗೆ ನನಗೆ ಅವನ ಮೇಲೂ ಸಿಟ್ಟು ಬಂತು. ಹೊಡೆಸಿಕೊಂಡವನೇ ಹೊಡೆದವರ ಪರ ಸಮಾಧಾನ ಹೇಳಿದರೆ ಯಾರಿಗೆ ತಾನೇ ಉರಿಯುವುದಿಲ್ಲ? ನಾನು ಶಾಬಾನನ ಪಕ್ಕದಲ್ಲಿದ್ದ ಶಾಲನ್ನು ಕಿತ್ತುಕೊಂಡು ಅಂಗಳ ದಾಟಿ ಇಗರ್ಜಿಗೆ ನುಗ್ಗಿದೆ. ಹಿಂದಿನಿಂದ ಶಾಬಾನ್, “ಅಯ್ಯೋ ವಕೀಲಮ್ಮ, ಅದು ಸಾಕ್ಷಿ!” ಅಂತ ಕೂಗುತ್ತ, ವನೀಸನನ್ನೂ ಎಳೆದುಕೊಂಡು ಬಂದ.

ಒಳಗೆ ಪೂಜೆ ಆಗತಾನೇ ಮುಗಿದಿತ್ತು. ದೊಡ್ಡ ಉಪವಾಸದ ದಿನಗಳು. ಬೆಣ್ಣೆ ಹಾಲು ಮುಟ್ಟದೆ ವಾರಗಟ್ಟಲೆ ಬೇಯಿಸಿದ ಬೇಳೆಕಾಳು ತಿಂದು ಊರಿಗೆ ಊರೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಗುಂಪುಗೂಡಿದ್ದರು. ಎಲ್ಲರ ಕಣ್ಣೂ ಗರ್ಭಗುಡಿಯ ಪರದೆಯ ಮುಂದಿನ ಮೇಜಿನ ಮೇಲಿತ್ತು.

ಮೇಜಿನ ಮೇಲೆ ಸಂತ ಮಲಗಿದ್ದ. ಪೆಟ್ಟಿಗೆ ಅನ್ನುತ್ತೇವೆ, ನಿಜಕ್ಕೂ ಅದು ತೋಳುದ್ದದ ಮರದ ಕೊಳವೆ. ಸುತ್ತ ಕೆಂಪು ಮಖಮಲ್ಲು, ಅದರ ಮೇಲೆ ಬಂಗಾರದ ದಾರದಲ್ಲಿ ಹೆಸರು. ವರ್ಷಕ್ಕೊಮ್ಮೆ ಹಬ್ಬದಲ್ಲಿ ಹಳೆಯ ಬಟ್ಟೆ ಬಿಚ್ಚಿ ಹೊಸದನ್ನು ಹೊಲಿಯುತ್ತಾರೆ. ಬಿಚ್ಚಿದ ಬಟ್ಟೆಯನ್ನು ಚೂರು ಮಾಡಿ ಮನೆಮನೆಗೆ ಹಂಚುತ್ತಾರೆ. ಮಿಕ್ಕ ದಿನ ಜನ ಮುತ್ತಿಡುವುದು ಬಟ್ಟೆಗೆ.

ಅಬೂನಾ ಬಸ್ಸಾದಾ ಅದರ ಪಕ್ಕದಲ್ಲೇ ನಿಂತಿದ್ದರು. ನಾವು ಪಾದ್ರಿಗಳನ್ನು ಅಬೂನಾ ಎಂದೇ ಕರೆಯುವುದು, ಅಪ್ಪಾ ಅಂದ ಹಾಗೆ. ಬಿಳಿ ಗಡ್ಡದ, ಮೆತ್ತಗಿನ ಮಾತಿನ ಮುದುಕರು.

“ಅಬೂನಾ, ಒಂದೇ ಪ್ರಶ್ನೆ. ಸಂತನ ಕಾಲಿನ ಕೆಳಗೆ ಬಟ್ಟೆ ಮಡಿಸಿ ಇಡೋ ಪದ್ಧತಿ ಇದೆಯಾ?”

ಅವರು ಉತ್ತರಿಸುವ ಮೊದಲೇ ಗಂಡಸರ ಗುಂಪಿನಿಂದ ದನಿ ಎದ್ದಿತು. “ಹೆಂಗಸಿಗ್ಯಾಕೆ ಪರದೆ ಹಿಂದಿನ ಸುದ್ದಿ?”

ಸಿದ್ರಾಕ್ ಕಲ್ಲೀನಿ. ಮೆರವಣಿಗೆಯಲ್ಲಿ ಸಂತನನ್ನು ಹೊರುವ ಮನೆತನದ ಹಿರಿಯ. ನಮ್ಮ ಸಂತ ಬಾಬ್ನೂದಾ ಬಿಷಪ್ಪನಾಗಿದ್ದವನು. ರೋಮಿನವರು ಅವನ ಬಲಗಣ್ಣು ಕಿತ್ತು, ಎಡಗಾಲಿನ ನರ ಕಡಿದು ಗಣಿಗೆ ದೂಡಿದರು. ಸಾಯದೆ ಬದುಕಿ ಬಂದ. ಮುಂದೆ ಚಕ್ರವರ್ತಿಯೇ ಆ ಕುರುಡುಗಣ್ಣಿನ ಗುಳಿಗೆ ಮುತ್ತಿಟ್ಟನಂತೆ. ಅದಕ್ಕೇ ಹಬ್ಬದಲ್ಲಿ ಕಲ್ಲೀನಿ ಮನೆಯವರು ಪೆಟ್ಟಿಗೆ ಹೊತ್ತು ಎಡಗಾಲು ಕುಂಟುತ್ತ ನಡೆಯುತ್ತಾರೆ. ಸಿದ್ರಾಕನ ಎರಡೂ ಕಾಲು ಗಟ್ಟಿಯಾಗಿವೆ, ಆದರೆ ಆ ದಿನ ಅವನು ಕುಂಟುವುದನ್ನು ನೋಡಿದರೆ ಕಲ್ಲೂ ಅಳಬೇಕು.

“ನಾನು ಕೇಳಿದ್ದು ಅಬೂನಾನ, ನಿಮ್ಮನ್ನಲ್ಲ ಸಿದ್ರಾಕ್ ಮಾವ.”

“ಖರ್ಜೂರದ ಮರದವರಿಗೆ ಇಲ್ಲಿ ಮಾತಾಡೋ ಹಕ್ಕಿಲ್ಲ!”

ಗುಂಪಿನಲ್ಲಿ ಹೂಂಗುಟ್ಟಿದರು. ನಮ್ಮಪ್ಪ ದೆಂದೆರಾ ಕಡೆಯಿಂದ ಬಂದು ಇಲ್ಲಿ ನೆಲೆನಿಂತವನು. ಅಲ್ಲಿನ ಬಾಬ್ನೂದಾ ಬೇರೆ, ಖರ್ಜೂರದ ಮರಕ್ಕೆ ಮೊಳೆ ಹೊಡೆಸಿಕೊಂಡು ಸತ್ತವನು. ನಾವು ಹುಟ್ಟಿದ್ದು ಇಲ್ಲೇ, ಜ್ಞಾನಸ್ನಾನ ಇಲ್ಲೇ, ಅಪ್ಪ ಅಮ್ಮ ಮಣ್ಣಾದದ್ದೂ ಇಲ್ಲೇ. ಆದರೂ ನಾವು ಖರ್ಜೂರದ ಮರದವರು. ವನೀಸ್ ಯಾಕೆ ಕದ್ದ ಅಂದರೆ, ‘ಅವರ ಬಾಬ್ನೂದಾನ ಊರಿಗೆ ನಮ್ಮ ಬಾಬ್ನೂದಾನನ್ನ ಸಾಗಿಸೋಕೆ’ ಅಂತ ಉತ್ತರ ಸಿದ್ಧವಾಗಿತ್ತು.

“ಇಷ್ಟು ಜನ ಬಾಬ್ನೂದಾಗಳಾ?” ಶಾಬಾನ್ ತಲೆ ಕೆರೆದುಕೊಂಡ. “ಈ ಊರಲ್ಲಿ ಆ ಹೆಸರು ಕೂಗಿದ್ರೆ ಅರ್ಧ ಗಂಡಸರು ಓ ಅಂತಾರೆ, ಎಮ್ಮೆಗಳೂ ತಿರುಗಿ ನೋಡ್ತಾವೆ. ಸಂತರಲ್ಲೂ ಹಿಂಗೇನಾ?”

“ಇನ್ನೊಬ್ಬನೂ ಇದಾನೆ,” ಅಂದರು ಅಬೂನಾ. “ಮರುಭೂಮಿಯ ಒಳಗೊಳಗೆ ನಡೆದುಹೋಗಿ, ಅಲ್ಲಿ ಸತ್ತ ತಪಸ್ವಿನ ತನ್ನ ಮೇಲಂಗಿ ಹರಿದು ಸುತ್ತಿ ಮಣ್ಣು ಮಾಡಿದವನು.” ಆಮೇಲೆ ನನ್ನತ್ತ ತಿರುಗಿದರು. “ಹೌದು ಮಗಳೇ, ಪದ್ಧತಿ ಇದೆ. ಮೆರವಣಿಗೆ ಮುಗಿಸಿ ಪರದೆ ಒಳಗೆ ಮಲಗಿಸೋವಾಗ ಕಾಲಿಗೆ ನೋವಾಗಬಾರದು ಅಂತ ಆ ತುದಿ ಎತ್ತರಿಸಿ ಇಡ್ತಾರೆ. ಹೊರಗಿನೋರು ನೋಡಿರೋಕೆ ಸಾಧ್ಯವಿಲ್ಲ.”

“ಯಾರು ಇಡ್ತಾರೆ?”

“ಹೊರೋರು.”

“ವನೀಸ್?”

“ಅವನು ಪರದೆ ಒಳಗೆ ಬರೋನಲ್ಲ. ಅವನ ಕೆಲಸ ರೊಟ್ಟಿಕೋಣೇಲಿ.”

ನಾನು ಶಾಲನ್ನು ಬಿಡಿಸಿ ಎಲ್ಲರಿಗೂ ಕಾಣುವಂತೆ ಹಿಡಿದೆ. ಕಂದು ಉಣ್ಣೆ, ಅಂಚಿನಲ್ಲಿ ಕಪ್ಪು ಪಟ್ಟಿ. ಎಷ್ಟೋ ಜನರ ಹೆಗಲ ಮೇಲೆ ಇರುವಂಥದ್ದೇ. ಶಾಲಿನಿಂದ ಏನೂ ಸಾಬೀತಾಗುವಂತಿರಲಿಲ್ಲ. ಆದರೆ ಹೆಂಗಸರ ಗುಂಪಿನ ಮುಂದೆ ನಿಂತಿದ್ದ ಸಿದ್ರಾಕನ ಹೆಂಡತಿ ಅದನ್ನು ಕಂಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ನನಗೆ ಅಷ್ಟು ಸಾಕಾಯಿತು.

“ಕೇಳಿ ಎಲ್ಲರೂ! ಕದ್ದವನಿಗೆ ಇದನ್ನ ಮಾರೋ ಯೋಚನೆ ಇದ್ದಿದ್ರೆ ಆವತ್ತೇ ಊರು ದಾಟಿಸ್ತಿದ್ದ. ದ್ವೇಷ ಇದ್ದಿದ್ರೆ ನೈಲಿಗೆ ಎಸೀತಿದ್ದ. ಈತ ಎರಡೂ ಮಾಡಲಿಲ್ಲ. ಕತ್ತಲೆ ಮೂಲೇಲಿ, ಮೂಟೆ ಹಿಂದೆ ಅಡಗಿಸೋವಾಗಲೂ ಸಂತನ ಕಾಲು ನೋಯುತ್ತೆ ಅಂತ ಹೆಗಲ ಮೇಲಿನ ಶಾಲು ತೆಗೆದು ಮಡಿಸಿ ಇಟ್ಟ. ಕೈ ತಾನಾಗೇ ಮಾಡಿಬಿಡ್ತು, ಅಲ್ವಾ ಸಿದ್ರಾಕ್ ಮಾವ? ನಿಮ್ಮಪ್ಪ ಕಲಿಸಿದ್ದು, ಬಿಡೋಕಾಗಲ್ಲ!”

“ಬಾಯಿ ಮುಚ್ಚೇ!”

“ಮುಚ್ಚಲ್ಲ. ನನ್ನ ತಮ್ಮನ ಮುಖಕ್ಕೆ ಉಗಿದಾಗ ನೀವು ಎಲ್ಲಿದ್ರಿ? ಜೀಪಿನ ಪಕ್ಕದಲ್ಲೇ ನಿಂತಿದ್ರಲ್ಲ! ಕೈ ಕಟ್ಟಿಕೊಂಡು ನೋಡ್ತಿದ್ರಲ್ಲ!”

“ನಾನು ಅವನ ಮೇಲೆ ಹಾಕಬೇಕು ಅಂತ ಇಟ್ಟಿದ್ದಲ್ಲ!”

ಆಡಿದ ಮೇಲೆ ಅವನಿಗೇ ಕೇಳಿಸಿತು. ಸಿದ್ರಾಕ್ ಹತ್ತಿರದ ಬೆಂಚಿನ ಮೇಲೆ ಕುಸಿದು ಕೂತ.

“ಬಿಷಪ್ಪರು ಹೇಳಿ ಕಳಿಸಿದ್ರಲ್ಲ,” ಅವನ ದನಿ ಸೋತಿತ್ತು. “ಪೆಟ್ಟಿಗೆ ಬಿಚ್ಚಿಸ್ತೀವಿ, ಡಾಕ್ಟರು ಬಂದು ಮೂಳೆ ನೋಡ್ತಾರೆ, ಇದು ಯಾವ ಬಾಬ್ನೂದಾ ಅಂತ ತೀರ್ಮಾನ ಮಾಡ್ತಾರೆ ಅಂತ. ಇದು ನಿಮ್ಮ ಕುಂಟ ಬಿಷಪ್ಪನಲ್ಲ, ಮತ್ಯಾರೋ ಅಂದುಬಿಟ್ರೆ? ನಮ್ಮಪ್ಪ ಕುಂಟಿದ, ನಮ್ಮ ತಾತ ಕುಂಟಿದ. ನಾಳೆ ನಾನು ಯಾರಿಗೋಸ್ಕರ ಕುಂಟಲಿ? ಅವರು ಬಂದು ಹೋಗೋತನಕ ಅಡಗಿಸಿಡೋಣ ಅಂದುಕೊಂಡೆ. ಮನೆಮನೆ ಹುಡುಕ್ತಾರೆ, ದೇವರ ರೊಟ್ಟಿಕೋಣೆ ಯಾರು ಹುಡುಕ್ತಾರೆ ಅಂತ ಅಲ್ಲಿಟ್ಟೆ. ಅಷ್ಟೇ.”

“ಅಷ್ಟೇ?” ಅಂದೆ ನಾನು. “ಅಷ್ಟೇ ಅಂತೆ!”

ಶಾಬಾನ್ ಜೇಬಿನಿಂದ ಬೀಗದ ಕೈ ತೆಗೆದ. ವನೀಸನ ಕೋಳ ಬಿಚ್ಚಿದ. ನಾನು ಗೆದ್ದಿದ್ದೆ. ತಮ್ಮನ ಕೈ ಹಿಡಿದು ಮನೆಗೆ ಹೊರಟಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

ಆದರೆ ಆಮೇಲೆ ನಡೆದದ್ದು ನೋಡಿ. ಒಬ್ಬ ಮುದುಕ ಎದ್ದು ಹೋಗಿ ಸಿದ್ರಾಕನ ತಲೆಗೆ ಮುತ್ತಿಟ್ಟ. “ಪಾಪ, ಭಕ್ತಿಗೆ ಮಾಡಿದ್ದು,” ಅಂದ. ಇನ್ನೊಬ್ಬ ನೀರು ತಂದುಕೊಟ್ಟ. ಹೆಂಗಸರು ಕಣ್ಣೊರೆಸಿಕೊಂಡರು. “ಸಂತನ ಕಾಲಿಗೆ ತನ್ನ ಶಾಲೇ ಕೊಟ್ಟನಲ್ಲ!” ಅಂತ ಒಬ್ಬಳು ರಾಗ ಎಳೆದಳು. ಬೆಳಿಗ್ಗೆ ಉಗಿದವಳು ಅವಳೇ! ವನೀಸ್ ಕೆಂಪಾದ ಮಣಿಕಟ್ಟು ಉಜ್ಜಿಕೊಳ್ಳುತ್ತ ಗೋಡೆಗೆ ಒರಗಿ ನಿಂತಿದ್ದ. ಅವನ ಹತ್ತಿರ ಒಬ್ಬರೇ ಒಬ್ಬರೂ ಸುಳಿಯಲಿಲ್ಲ. ತಪ್ಪಾಯಿತು ಅನ್ನುವುದಿರಲಿ, ಕಣ್ಣೆತ್ತಿ ಅವನನ್ನು ನೋಡಲೂ ಇಲ್ಲ.

ಕದ್ದವನು ಊರವನಾದರೆ ಭಕ್ತ; ಕದಿಯದವನು ಖರ್ಜೂರದ ಮರದವನಾದರೆ ಕಳ್ಳ.

“ಇಲ್ಲಿಗೆ ಬಿಡೋದಿಲ್ಲ,” ಅಂದೆ. “ಬಿಚ್ಚಿ ಆ ಪೆಟ್ಟಿಗೇನ.”

“ಏನು?”

“ಬಿಚ್ಚಿ! ನನ್ನ ತಮ್ಮನ್ನ ಯಾರ ಮೂಳೆಗೋಸ್ಕರ ಸಾಯಿಸೋಕೆ ಹೊರಟಿದ್ರಿ ಅಂತ ನೀವೂ ನೋಡಿ, ನಾನೂ ನೋಡ್ತೀನಿ. ಕುಂಟನೋ, ಖರ್ಜೂರದ ಮರದವನೋ, ಮರುಭೂಮಿಯವನೋ. ಹೇಗೂ ಬಿಷಪ್ಪರ ಅಪ್ಪಣೆ ಇದೆಯಲ್ಲ!”

“ಹಬ್ಬವಲ್ಲದ ದಿನ ಬಿಚ್ಚೋದು ಮಹಾಪಾಪ!” ಸಿದ್ರಾಕ್ ಎದ್ದು ಬಂದು ಮೇಜಿಗೆ ಅಡ್ಡ ನಿಂತ. “ನನ್ನ ಹೆಣದ ಮೇಲೆ ಬಿಚ್ಚಿ. ನನ್ನನ್ನ ಜೈಲಿಗೆ ಹಾಕಿ, ಇದನ್ನ ಮುಟ್ಟಬೇಡಿ.”

“ವನೀಸ್ ಇದನ್ನ ಪ್ರತಿ ವರ್ಷ ಮುಟ್ತಾನೆ! ಹಳೇ ಬಟ್ಟೆ ಬಿಚ್ಚಿ ಹೊಸದು ಹೊಲಿಯೋನು ಅವನೇ. ರೊಟ್ಟಿಕೋಣೇಲಿ ಒಬ್ಬನೇ ಕೂತು, ಬಾಗಿಲು ಹಾಕಿಕೊಂಡು, ಕೀರ್ತನೆ ಹೇಳಿಕೊಂಡು. ಬಟ್ಟೆಯಿಲ್ಲದ ಪೆಟ್ಟಿಗೆ ಇಡೀ ಊರಲ್ಲಿ ಅವನೊಬ್ಬನ ಕೈಗೆ ಸಿಗೋದು. ಮೂಳೆ ಬೇಕಾಗಿದ್ರೆ ಅವನು ಯಾವ ವರ್ಷ ಬೇಕಾದ್ರೂ ತೆಗೀಬಹುದಿತ್ತು, ನಿಮಗ್ಯಾರಿಗೂ ಗೊತ್ತಾಗ್ತಿರಲಿಲ್ಲ. ಅಷ್ಟು ನಂಬಿಕಸ್ಥನ್ನ ಕಳ್ಳ ಅಂದ್ರಲ್ಲ, ನಿಮ್ಮ ನಾಲಿಗೆ ಸೇದಿಹೋಗ!”

“ಅಕ್ಕಾ, ಬೇಡ.” ಗೋಡೆಯ ಕಡೆಯಿಂದ ವನೀಸ್ ಅಂದ. “ಬಿಟ್ಟುಬಿಡು. ಮನೆಗೆ ಹೋಗೋಣ.”

“ನೀನು ಸುಮ್ನಿರೋ! ನಿನ್ನ ಈ ಮೆತ್ತಗಿನ ಬುದ್ಧಿಯಿಂದಲೇ ಇವರು ತಲೆ ಮೇಲೆ ಕೂತಿರೋದು.”

ಅಬೂನಾ ಬೇಡ ಅನ್ನುತ್ತಾರೆ, ಅವರ ಜೊತೆಗೂ ಜಗಳವಾಡಬೇಕು ಅಂತ ನಾನು ಸೊಂಟ ಕಟ್ಟಿ ನಿಂತಿದ್ದೆ. ಅವರು ಒಂದು ಮಾತೂ ಆಡಲಿಲ್ಲ. ಮೇಜಿನ ಗೂಡಿನಿಂದ ಕತ್ತರಿ ತೆಗೆದರು. ಸಿದ್ರಾಕನನ್ನು ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದರು. ಆ ಮುದಿ ಕೈಯಲ್ಲಿ ಅಷ್ಟು ಬಲವಿದೆಯೆಂದು ನಾನು ಎಣಿಸಿರಲಿಲ್ಲ.

ಕತ್ತರಿ ಹೊಲಿಗೆಯ ಮೇಲೆ ಓಡಿತು. ಮಖಮಲ್ಲು ಬಿಚ್ಚಿಕೊಂಡಿತು. ಒಳಗಿನ ಮರ ಎಣ್ಣೆ ಕುಡಿದು ಕಪ್ಪಗಾಗಿತ್ತು. ಅಬೂನಾ ಕೊಳವೆಯ ಮುಚ್ಚಳ ತಿರುಗಿಸಿದಾಗ ಹಳೆಯ ಸುಗಂಧದ್ರವ್ಯದ ವಾಸನೆ ಇಗರ್ಜಿಯ ತುಂಬ ಹರಡಿತು. ಜನ ಶಿಲುಬೆ ಗುರುತು ಹಾಕಿಕೊಂಡು ನೆಲಕ್ಕೆ ಬಾಗಿದರು.

ಮೊದಲು ಹೊರಗೆ ಬಂದದ್ದು ನಾರುಬಟ್ಟೆಯ ಗಂಟು. ಶತಮಾನಗಳ ಹಳೆಯದು, ಮುಟ್ಟಿದರೆ ಪುಡಿಯಾಗುವಂತಿತ್ತು. ಅಬೂನಾ ಅದನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ಮುತ್ತಿಟ್ಟರು. ಆಮೇಲೆ ಮತ್ತೆ ಕೊಳವೆಯೊಳಗೆ ಕೈ ಹಾಕಿದರು. ಎರಡನೆಯದಕ್ಕೆ ಬಟ್ಟೆ ಸುತ್ತಿರಲಿಲ್ಲ. ಮೊಣಕಾಲಿನ ಕೆಳಗಿನ ಮೂಳೆ, ಇನ್ನೂ ತಿಳಿಬಣ್ಣದ್ದು.

ಅದರ ಮೇಲೆ ಉದ್ದಕ್ಕೂ ಉಕ್ಕಿನ ಪಟ್ಟಿಯೊಂದು ಕೂತಿತ್ತು, ಸಾಲಾಗಿ ಸ್ಕ್ರೂ ಬಿಗಿದದ್ದು.

ರೋಮಿನವರ ಕಾಲದಲ್ಲಿ ಯಾರೂ ಮೂಳೆಗೆ ಸ್ಕ್ರೂ ಹಾಕುತ್ತಿರಲಿಲ್ಲ ಅನ್ನುವುದು ಶಾಬಾನನಿಗೂ ಗೊತ್ತಿತ್ತು. ಅವನು ಟೋಪಿ ತೆಗೆದು ಹತ್ತಿರ ಬಂದ.

“ಬಾಬ್ನೂದಾ!” ಸಿದ್ರಾಕ್ ಚೀರಿದ.

ಕೆಲವರು ಸಂತನ ಹೆಸರೆಂದು ಮತ್ತೆ ಬಾಗಿದರು. ಸಿದ್ರಾಕ್ ಆ ಮೂಳೆಯನ್ನು ಎದೆಗೆ ಅವುಚಿಕೊಂಡಿದ್ದ.

“ನನ್ನ ತಮ್ಮ! ನಮ್ಮ ಬಾಬ್ನೂದಾನ ಕಾಲು ಇದು! ರೈಲಿನ ಮೇಲಿಂದ ಬಿದ್ದಾಗ ಅಸ್ಯೂತಿನ ಆಸ್ಪತ್ರೇಲಿ ಈ ಪಟ್ಟಿ ಹಾಕಿಸಿದ್ದು ನಾನೇ, ಹಾಸಿಗೆ ಪಕ್ಕ ಕೂತಿದ್ದವನು ನಾನೇ! ಲಿಬಿಯಾಕ್ಕೆ ದುಡಿಯೋಕೆ ಹೋದ ಅಂದ್ರಲ್ರೋ! ಕಾಗದ ಬರುತ್ತೆ ಬರುತ್ತೆ ಅಂತ ನಮ್ಮಮ್ಮ ಸಾಯೋತನಕ ಬಾಗಿಲಲ್ಲಿ ಕೂತಿದ್ದಳಲ್ರೋ!”

ಹೆಂಗಸರು ಗೋಳೋ ಎಂದು ಎದೆ ಬಡಿದುಕೊಂಡರು. ಆ ಗದ್ದಲದ ನಡುವೆ ಶಾಬಾನ್ ನನ್ನತ್ತ ತಿರುಗಿದ. ಅವನ ಕಣ್ಣಲ್ಲಿ ಬೆಳಗಿನ ಉದಾಸೀನ ಇರಲಿಲ್ಲ.

“ವಕೀಲಮ್ಮ, ಬಟ್ಟೆಯಿಲ್ಲದ ಪೆಟ್ಟಿಗೆ ಯಾರೊಬ್ಬನ ಕೈಗೆ ಸಿಗೋದು ಅಂದ್ರಿ?”

ಇಡೀ ಊರು ಗೋಡೆಯ ಕಡೆ ನೋಡುತ್ತಿತ್ತು. ನಾನು ಜನರನ್ನು ನೂಕಿಕೊಂಡು ಹೋಗಿ ವನೀಸನ ಎರಡೂ ಭುಜ ಹಿಡಿದೆ.

“ಹೇಳೋ ಇವರಿಗೆ. ನಿಂಗೇನೂ ಗೊತ್ತಿಲ್ಲ ಅಂತ ಹೇಳು!”

“ಬೇಡ ಅಂದ್ನಲ್ಲ ಅಕ್ಕಾ.”

“ವನೀಸ್!”

“ಒಳಗಿಟ್ಟಿದ್ದು ನಾನೇ.”

ಅವನ ಕೆನ್ನೆಗೆ ಬಾರಿಸಿದೆ. ಬೆಳಿಗ್ಗೆ ನಾನೇ ಒರೆಸಿದ್ದ ಕೆನ್ನೆ. ಅವನು ಮುಖ ತಿರುಗಿಸಲಿಲ್ಲ.

“ಕೊಂದೆಯೇನೋ? ಬಾಯಿ ಬಿಡು! ಕೊಂದವನು ನೀನೇನಾ, ಬೇರೆ ಯಾರಾದ್ರೂನಾ?”

ವನೀಸ್ ನನ್ನ ಹೆಗಲ ಮೇಲಿಂದ ಅಬೂನಾ ಬಸ್ಸಾದಾ ಅವರನ್ನು ನೋಡಿದ. “ಅವತ್ತೇ ಅಬೂನಾಗೆ ಎಲ್ಲಾ ಹೇಳಿದೀನಿ. ಇನ್ನು ಯಾರಿಗೂ ಹೇಳಲ್ಲ. ನಿಂಗೂ ಅಷ್ಟೇ.”

ಶಾಬಾನ್ ಮತ್ತೆ ಕೋಳ ಹೊರತೆಗೆದ. ಅದು ತಮ್ಮನ ಕೈಗೆ ಬೀಳುವ ಸದ್ದು ಕೇಳುತ್ತಿದ್ದ ಹಾಗೇ ನಾನು ಅಬೂನಾ ಅವರ ಕಪ್ಪು ನಿಲುವಂಗಿಯ ತೋಳು ಹಿಡಿದು ಜಗ್ಗಿದೆ. ಪಾದ್ರಿಯನ್ನು ಹಾಗೆ ಹಿಡಿದವರು ಆ ಊರಲ್ಲಿ ಯಾರೂ ಇರಲಿಕ್ಕಿಲ್ಲ.

“ನಿಮಗೆ ಗೊತ್ತಿತ್ತು. ಒಳಗೇನಿದೆ ಅಂತ ಗೊತ್ತಿದ್ದೇ ಬಿಚ್ಚಿದ್ರಿ! ಹೇಳಿ ಅಬೂನಾ, ಕೊಂದವರು ಯಾರು?”

ಅವರ ಕಣ್ಣು ತುಂಬಿತ್ತು. ಕತ್ತರಿ ಇನ್ನೂ ಕೈಯಲ್ಲೇ ಇತ್ತು.

“ಅವನು ನನ್ನ ಮುಂದೆ ಮಂಡಿಯೂರಿ ಹೇಳಿದ್ದು ಮಗಳೇ. ಪಾಪನಿವೇದನೆ ಅದು, ದೇವರಿಗೆ ಒಪ್ಪಿಸಿದ ಗುಟ್ಟು. ಬಾಯಿ ಬಿಡೋಕಾಗದೆ ಕತ್ತರಿ ಹಿಡಿದೆ. ಕೊಂದವನು ಈಗ ಇಲ್ಲೇ, ಇದೇ ಸೂರಿನ ಕೆಳಗೆ ನಿಂತಿದ್ರೂ, ನಿನ್ನ ತಮ್ಮನ್ನ ಗಲ್ಲಿಗೆ ಹಾಕಿದ್ರೂ, ನಾನು ಒಂದು ಮಾತು ಆಡೋ ಹಾಗಿಲ್ಲ.”